ಪೆಲೇಡಿಯಂ ಆಕ್ಸಿಡೇಷನ್ ಕ್ಯಾಟಲಿಸ್ಟಿಗೆ ಯಾವ ಸಪೋರ್ಟ್ ಹಾಕೋದು? ಅಲ್ಯುಮಿನಾ, ಸೀರಿಯಾ, ಝಿರ್ಕೋನಿಯಾ, ಟೈಟಾನಿಯಾ, ಇನ್ನೂ ಕೆಲವು

ಪೆಲೇಡಿಯಂ ಬಳಸೋದು ಅಂತ ಗಟ್ಟಿಯಾದ್ಮೇಲೆ ಮುಂದಿನ ಪ್ರಶ್ನೆ ಅದನ್ನ ಯಾವುದರ ಮೇಲೆ, ಅಂದ್ರೆ ಯಾವ ಸಪೋರ್ಟ್ ಮೇಲೆ, ಕೂರಿಸೋದು ಅನ್ನೋದು. ಹೊಸದಾಗಿ ಪಿಎಚ್‌ಡಿಗೆ ಸೇರಿದವರು ಸಾಮಾನ್ಯವಾಗಿ ಏನ್ ಮಾಡ್ತಾರೆ ಅಂದ್ರೆ ಏಳೆಂಟು ಪೇಪರ್ ತೆಗೆದಿಟ್ಕೊಂಡು, 50 ಪರ್ಸೆಂಟ್ ಕನ್ವರ್ಷನ್ ಯಾವ ಟೆಂಪರೇಚರಲ್ಲಿ ಬಂದಿದೆ ಅಂತ ನೋಡಿ, ಯಾವುದರಲ್ಲಿ ಆ ನಂಬರ್ ಎಲ್ಲಕ್ಕಿಂತ ಕಡಿಮೆ ಇದೆಯೋ ಆ ಸಪೋರ್ಟನ್ನೇ ಆರಿಸ್ಕೊಂಡುಬಿಡ್ತಾರೆ. ಈ ದಾರಿ ಸರಿ ಇಲ್ಲ. ಆ ನಂಬರುಗಳೆಲ್ಲ ಬಹುಪಾಲು ಒಣ ಗ್ಯಾಸಲ್ಲಿ, ಆಗ ತಾನೇ ತಯಾರಾದ ಕ್ಯಾಟಲಿಸ್ಟ್ ಮೇಲೆ, ಒಬ್ಬೊಬ್ಬರು ಒಂದೊಂದು ಸ್ಪೇಸ್ ವೆಲಾಸಿಟಿ (ಕ್ಯಾಟಲಿಸ್ಟ್ ಮೇಲೆ ಗಂಟೆಗೆ ಹರಿಯೋ ಗ್ಯಾಸಿನ ಪ್ರಮಾಣ) ಇಟ್ಕೊಂಡು ತೆಗೆದಿರೋವು, ಒಂದಕ್ಕೊಂದು ಹೋಲಿಸೋಕೇ ಬರಲ್ಲ. ನಿಮ್ಮ ಗ್ಯಾಸಿನ ಜೊತೆ ನೀರಾವಿ ಎಷ್ಟು ಬರತ್ತೆ, ಗಂಧಕ ಬರತ್ತಾ, ಟೆಂಪರೇಚರ್ ಎಲ್ಲಿವರೆಗೆ ಏರತ್ತೆ, ಇಲ್ಲಾ ಇದು ಬಾಟಲಿಯೊಳಗೆ ದ್ರವದಲ್ಲಿ ನಡೆಯೋ ರಿಯಾಕ್ಷನ್ನಾ, ಇದನ್ನ ಮೊದಲು ಬರ್ಕೊಳ್ಳಿ. ಸಪೋರ್ಟನ್ನ ಆರಿಸೋದು ಈ ಪಟ್ಟಿ.

ಇನ್ನೊಂದು ವಿಷಯಾನೂ ಮೊದಲೇ ತಿಳ್ಕೊಂಡಿರಬೇಕು. ಪೆಲೇಡಿಯಂ ಒಂದೇ ರೂಪದಲ್ಲಿ ಇರೋ ವಸ್ತು ಅಲ್ಲ, ಆಕ್ಸಿಜನ್ ಸಿಕ್ಕಿದ್ರೆ ಆಕ್ಸೈಡ್ ಆಗತ್ತೆ, ಹೆಚ್ಚು ಬಿಸಿಯಾದ್ರೆ ಮತ್ತೆ ಲೋಹ ಆಗತ್ತೆ. ಮೀಥೇನ್ ಉರಿಸೋಕೆ, ಕಡಿಮೆ ಟೆಂಪರೇಚರಲ್ಲಂತೂ, ಪೆಲೇಡಿಯಂ ಆಕ್ಸೈಡೇ ಬೇಕು. ಆಲ್ಕೊಹಾಲನ್ನ ಆಲ್ಡಿಹೈಡ್ ಮಾಡೋಕೆ ಲೋಹದ ರೂಪ ಬೇಕು, ಅಲ್ಲಿ ಅದು ಆಕ್ಸೈಡ್ ಆಗಿಬಿಟ್ರೆ ಕೆಲಸ ನಿಧಾನ ಆಗತ್ತೆ. ಕಾರ್ಬನ್ ಮಾನಾಕ್ಸೈಡ್ ವಿಚಾರದಲ್ಲಿ ಎರಡೂ ನಡೆಯತ್ತೆ, ಆದ್ರೆ ಬರೀ ಲೋಹದ ಮೇಲೆ ತಣ್ಣಗಿದ್ದಾಗ ಸಿಒ ಅಣುಗಳೇ ಜಾಗ ಎಲ್ಲ ಹಿಡ್ಕೊಂಡು ಆಕ್ಸಿಜನ್ ಕೂರೋಕೆ ಜಾಗ ಬಿಡಲ್ಲ. ಹಾಗಾಗಿ ಸಪೋರ್ಟ್ ಅಂದ್ರೆ ಪೆಲೇಡಿಯಂ ಹರಡಿ ಇಡೋ ನೆಲ ಮಾತ್ರ ಅಲ್ಲ, ಅದನ್ನ ಯಾವ ರೂಪದಲ್ಲಿ ನಿಲ್ಲಿಸತ್ತೆ ಅನ್ನೋದೂ ಅದರದ್ದೇ ಕೆಲಸ.

ಅಲ್ಯುಮಿನಾದಿಂದ, ಅಂದ್ರೆ ಅಲ್ಯುಮಿನಿಯಂ ಆಕ್ಸೈಡಿಂದ, ಶುರು ಮಾಡೋಣ. ಗಾಮಾ ಅಲ್ಯುಮಿನಾ ಅಗ್ಗ, ಎಲ್ಲಾ ಕಡೆ ಸಿಗತ್ತೆ, ಸರ್ಫೇಸ್ ಏರಿಯಾ ಗ್ರಾಂಗೆ 100ರಿಂದ 300 ಚದರ ಮೀಟರ್, ಗಟ್ಟಿ, ಹನಿಕೋಂಬ್ (ಜೇನುಗೂಡಿನಂಥ ತೂತುಗಳಿರೋ ಬ್ಲಾಕ್) ಮೇಲೆ ವಾಶ್‌ಕೋಟ್ ಮಾಡಿದ್ರೆ (ತೆಳುವಾಗಿ ಬಳಿದ್ರೆ) ಚೆನ್ನಾಗಿ ಅಂಟತ್ತೆ. ಗಾಡಿಗಳ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ದಶಕಗಳಿಂದ ಇದು ಇರೋದು ಸುಮ್ಮನೆ ಅಲ್ಲ. 1000 ಡಿಗ್ರಿ ಸೆಲ್ಸಿಯಸ್ ದಾಟಿದ್ಮೇಲೆ ಅದು ಮೆಲ್ಲಗೆ ಆಲ್ಫಾ ರೂಪಕ್ಕೆ ತಿರುಗಿ ಏರಿಯಾ ಗ್ರಾಂಗೆ 10 ಚದರ ಮೀಟರಿಗಿಂತ ಕೆಳಗೆ ಬಿದ್ದುಹೋಗತ್ತೆ, ಅದನ್ನ ತಡೆಯೋಕೆ ಸ್ವಲ್ಪ ಲ್ಯಾಂಥನಂ ಅಥವಾ ಬೇರಿಯಂ ಸೇರಿಸ್ತಾರೆ. ನೀವು ಯಾವ ಹೊಸ ಸಪೋರ್ಟ್ ಮೇಲೆ ಕೆಲಸ ಮಾಡಿದ್ರೂ ಪಕ್ಕದಲ್ಲಿ ಒಂದು ಪೆಲೇಡಿಯಂ-ಅಲ್ಯುಮಿನಾ ಸ್ಯಾಂಪಲ್ ಇಟ್ಕೊಳ್ಳಿ, ಅದೇ ಲೋಡಿಂಗ್ (ಪೆಲೇಡಿಯಂ ಪ್ರಮಾಣ), ಅದೇ ಸ್ಪೇಸ್ ವೆಲಾಸಿಟಿ, ಅದೇ ಗ್ಯಾಸ್. ಅದಿಲ್ಲದೆ ನಿಮ್ಮ ನಂಬರಿಗೆ ಬೆಲೆ ಇಲ್ಲ.

ಅಲ್ಯುಮಿನಾದ ದೊಡ್ಡ ತೊಂದರೆ ನೀರು. ಮೀಥೇನ್ ಉರಿದಾಗ ನೀರು ಬಂದೇ ಬರತ್ತೆ, ಇಂಜಿನ್ನಿನ ಹೊಗೆಯಲ್ಲಿ ಮೊದಲೇ 10 ಪರ್ಸೆಂಟಿನಷ್ಟೋ ಅದಕ್ಕಿಂತ ಜಾಸ್ತಿನೋ ನೀರಾವಿ ಇರತ್ತೆ, ಸುಮಾರು 450 ಡಿಗ್ರಿಗಿಂತ ಕೆಳಗೆ ಈ ನೀರು ಪೆಲೇಡಿಯಂ ಆಕ್ಸೈಡಿನ ಕೆಲಸ ಮಾಡೋ ಜಾಗಗಳನ್ನ ಮುಚ್ಚಿಬಿಡತ್ತೆ. ಮೇಲ್ಮೈಯಲ್ಲಿ ಪೆಲೇಡಿಯಂ ಹೈಡ್ರಾಕ್ಸೈಡ್ ಆಗೋದೇ ಕಾರಣ ಅಂತ ಕೆಲವರು ಹೇಳ್ತಾರೆ, ಸಪೋರ್ಟಿನ ಮೇಲೆ ಹೈಡ್ರಾಕ್ಸಿಲ್ ಗುಂಪುಗಳು ತುಂಬ್ಕೊಂಡು ಸಪೋರ್ಟಿಂದ ಪೆಲೇಡಿಯಂಗೆ ಆಕ್ಸಿಜನ್ ಬರೋ ದಾರಿ ಕಟ್ಟಿಹೋಗತ್ತೆ ಅಂತ ಇನ್ನು ಕೆಲವರು, ನನ್ನ ಪ್ರಕಾರ ಎರಡನೇದನ್ನ ಹಗುರವಾಗಿ ತಗೋಬಾರದು, ಯಾಕಂದ್ರೆ ಸಪೋರ್ಟ್ ಬದಲಾಯಿಸಿದ್ರೆ ನೀರಿನ ಕಾಟದ ಮಟ್ಟವೂ ಬದಲಾಗೋದು ಕಣ್ಣಿಗೆ ಕಾಣತ್ತೆ. ಒಣ ಗ್ಯಾಸಲ್ಲಿ ಸೊಗಸಾಗಿ ಮೇಲೇರಿದ ಕರ್ವ್, 10 ಪರ್ಸೆಂಟ್ ನೀರಾವಿ ಬಿಟ್ಟ ಕೂಡಲೇ ಎಷ್ಟೋ ಡಿಗ್ರಿ ಬಲಕ್ಕೆ, ಅಂದ್ರೆ ಹೆಚ್ಚಿನ ಟೆಂಪರೇಚರಿಗೆ, ಸರಿಯತ್ತೆ. ಸಿಎನ್‌ಜಿ ಗಾಡಿ, ಗಣಿಯ ಮೀಥೇನ್, ಬಯೋಗ್ಯಾಸ್ ಇಂಜಿನ್, ಯಾವುದಕ್ಕೇ ಮಾಡ್ತಿದ್ರೂ ನೀರಾವಿ ಇಲ್ಲದ ಟೆಸ್ಟನ್ನ ನಂಬ್ಕೊಂಡು ಸಪೋರ್ಟ್ ಆರಿಸಬೇಡಿ.

ಈಗ ಸೀರಿಯಾ, ಅಂದ್ರೆ ಸೀರಿಯಂ ಆಕ್ಸೈಡ್. ನನಗೆ ಎಲ್ಲಕ್ಕಿಂತ ಇಷ್ಟ ಆಗೋ ಸಪೋರ್ಟ್ ಇದು, ಆದ್ರೆ ಇಷ್ಟ ಇದೆ ಅಂತ ಎಲ್ಲದಕ್ಕೂ ಹಾಕೋಕಾಗಲ್ಲ. ಸೀರಿಯಂ ಪ್ಲಸ್ ನಾಲ್ಕು, ಪ್ಲಸ್ ಮೂರು ಎರಡರ ನಡುವೆ ಸಲೀಸಾಗಿ ಓಡಾಡತ್ತೆ, ಹಾಗಾಗಿ ತನ್ನ ಲ್ಯಾಟಿಸಲ್ಲಿ (ಹರಳಿನ ಚೌಕಟ್ಟಲ್ಲಿ) ಇರೋ ಆಕ್ಸಿಜನ್ ಕೊಟ್ಟು ಆಮೇಲೆ ಗಾಳಿಯಿಂದ ತುಂಬ್ಕೊಳ್ಳತ್ತೆ. ಮಾರ್ಸ್ ಮತ್ತು ಫಾನ್ ಕ್ರೆವೆಲೆನ್ 1954ರಲ್ಲಿ ಹೇಳಿದ ಮೆಕ್ಯಾನಿಸಂ ಇದೇ. ಸಿಒ ಆಕ್ಸಿಡೇಷನ್ನಿಗೆ ಇದರ ಲಾಭ ನೇರವಾಗಿ ಸಿಗತ್ತೆ: ಪೆಲೇಡಿಯಂ ಮೇಲೆ ಸಿಒ ಕೂತಿರತ್ತೆ, ಪಕ್ಕದ ಸೀರಿಯಾ ಅಂಚಿಂದ ಆಕ್ಸಿಜನ್ ಬರತ್ತೆ, ಜಾಗಕ್ಕೆ ಜಗಳವೇ ಇಲ್ಲ. ಒಳ್ಳೆ ಪೆಲೇಡಿಯಂ-ಸೀರಿಯಾ 100 ಡಿಗ್ರಿ ಒಳಗೇ ಸಿಒ ಸುಡತ್ತೆ, ಬರೀ ಅಲ್ಯುಮಿನಾ ಮೇಲಿನದು ಸಾಮಾನ್ಯವಾಗಿ ಅದಕ್ಕಿಂತ ಸಾಕಷ್ಟು ಮೇಲೆ ಹೋಗಬೇಕು.

ಇಲ್ಲಿ ಬೆಂಗಳೂರಿನ ಕೆಲಸದ ಬಗ್ಗೆ ಹೇಳಲೇಬೇಕು. ಐಐಎಸ್‌ಸಿಯಲ್ಲಿ ಕೆ.ಸಿ. ಪಾಟೀಲರು 1980ರ ದಶಕದಲ್ಲಿ ಸೊಲ್ಯೂಷನ್ ಕಂಬಶ್ಚನ್ ವಿಧಾನ ಬೆಳೆಸಿದ್ರು. ಲೋಹದ ನೈಟ್ರೇಟ್, ಯೂರಿಯಾ ಥರದ ಒಂದು ಇಂಧನ, ಸ್ವಲ್ಪ ನೀರು, 500 ಡಿಗ್ರಿ ಫರ್ನೇಸ್ ಒಳಗಿಟ್ರೆ ಕುದ್ದು ನೊರೆಯಾಗಿ ಉರಿದು ಕೆಲವೇ ನಿಮಿಷದಲ್ಲಿ ಹಗುರವಾದ ಆಕ್ಸೈಡ್ ಪುಡಿ ಕೈಗೆ ಬರತ್ತೆ. ಅದೇ ವಿಧಾನ ಹಿಡ್ಕೊಂಡು ಎಂ.ಎಸ್. ಹೆಗ್ಡೆಯವರ ಗುಂಪು ಸೀರಿಕ್ ಅಮೋನಿಯಂ ನೈಟ್ರೇಟ್, ಪೆಲೇಡಿಯಂ ಕ್ಲೋರೈಡ್, ಆಕ್ಸಲೈಲ್ ಡೈಹೈಡ್ರಝೈಡ್ ಸೇರಿಸಿ 350 ಡಿಗ್ರಿಯಲ್ಲಿ ಉರಿಸಿ ಪೆಲೇಡಿಯಮ್ಮನ್ನ ಸೀರಿಯಾದ ಲ್ಯಾಟಿಸ್ ಒಳಗೇ ಪ್ಲಸ್ ಎರಡು ಅಯಾನಾಗಿ ಕೂರಿಸಿತು, 1ರಿಂದ 2 ಪರ್ಸೆಂಟ್ ಪರಮಾಣುಗಳಷ್ಟೇ. ಲೋಹದ ಕಣ ಇಲ್ಲ, ಹಾಗಾಗಿ ಕಣಗಳು ಕೂಡ್ಕೊಂಡು ದಪ್ಪ ಆಗೋ ಪ್ರಶ್ನೆ ಕಡಿಮೆ, ಸಿಒ ಆಕ್ಸಿಡೇಷನ್ನಲ್ಲಿ ಅಲ್ಯುಮಿನಾ ಮೇಲಿನ ಲೋಹದ ಕಣಗಳಿಗಿಂತ ಇದು ಎಷ್ಟೋ ಮುಂದೆ. ಹೆಗ್ಡೆ, ಗಿರಿಧರ್ ಮದ್ರಾಸ್, ಪಾಟೀಲ್ ಮೂವರೂ ಸೇರಿ ಈ ಕೆಲಸವನ್ನೆಲ್ಲ 2009ರಲ್ಲಿ ಒಂದು ರಿವ್ಯೂ ಆಗಿ ಬರೆದಿದ್ದಾರೆ, ಸೀರಿಯಾ ಕಡೆ ಹೋಗೋರು ಅದನ್ನ ಓದದೆ ಲ್ಯಾಬಿಗೆ ಇಳಿಯಬಾರದು. ಸಲಕರಣೆ ಕಡಿಮೆ ಇರೋ ಕಾಲೇಜ್ ಲ್ಯಾಬುಗಳಿಗೂ ಈ ವಿಧಾನ ಕೈಗೆಟಕತ್ತೆ, ಒಂದು ಮಫಲ್ ಫರ್ನೇಸ್, ಒಳ್ಳೆ ಫ್ಯೂಮ್ ಹುಡ್, ಅಗಲವಾದ ಬೊರೋಸಿಲಿಕೇಟ್ ಡಿಶ್ ಇದ್ರೆ ಆಯ್ತು. ಉರಿಯುವಾಗ ಕೆಟ್ಟ ಗ್ಯಾಸ್ ಬರತ್ತೆ, ಕಡಿಮೆ ಪ್ರಮಾಣದಲ್ಲೇ ಮಾಡಿ.

ಸೀರಿಯಾದ ಕೊರತೆ ಎಲ್ಲಿ ಅಂದ್ರೆ, ಒಂಟಿ ಸೀರಿಯಾ 800 ಡಿಗ್ರಿ ಹತ್ತಿರ ಹೋದ್ರೆ ಸಿಂಟರ್ ಆಗಿ (ಶಾಖಕ್ಕೆ ಕಣಗಳು ಒಂದಕ್ಕೊಂದು ಅಂಟ್ಕೊಂಡು) ಏರಿಯಾ ಕಳ್ಕೊಳ್ಳತ್ತೆ. ಅದಕ್ಕೇ 1990ರ ದಶಕದಿಂದ ಗಾಡಿಗಳಲ್ಲಿ ಝಿರ್ಕೋನಿಯಾ (ಝಿರ್ಕೋನಿಯಂ ಆಕ್ಸೈಡ್) ಬೆರೆಸಿದ ಸೀರಿಯಾ ಬಂತು, ಶಾಖಾನೂ ತಡೆಯತ್ತೆ, ಆಕ್ಸಿಜನ್ ಸಂಗ್ರಹಾನೂ ಜಾಸ್ತಿ. ಲ್ಯಾಬಲ್ಲಿ ಸೀರಿಯಾ ಬೇಕು ಅಂದ್ರೆ ನೇರವಾಗಿ ಸೀರಿಯಾ-ಝಿರ್ಕೋನಿಯಾನೇ ತಗೊಳ್ಳಿ, ಒಂಟಿ ಸೀರಿಯಾ ಮೆಕ್ಯಾನಿಸಂ ಓದೋಕೆ ಮಾತ್ರ ಇರಲಿ. ಮೀಥೇನ್‌ಗೆ ಮಾತ್ರ ಸೀರಿಯಾದ ಲೆಕ್ಕ ಅಷ್ಟು ಸರಳ ಇಲ್ಲ. ಪೆಲೇಡಿಯಂ ತೀರಾ ಒಂಟಿ ಅಯಾನುಗಳಾಗಿ ಚದುರಿಹೋದ್ರೆ ಮೀಥೇನಿನ ಗಟ್ಟಿ ಸಿ-ಎಚ್ ಬಾಂಡ್ ಮುರಿಯೋಕೆ ಅದು ಸಾಕಾ, ಇಲ್ಲಾ ಸಣ್ಣ ಸಣ್ಣ ಪೆಲೇಡಿಯಂ ಆಕ್ಸೈಡ್ ಕಣಗಳೇ ಬೇಕಾ ಅನ್ನೋ ವಾದ ಇವತ್ತಿಗೂ ಮುಗಿದಿಲ್ಲ. ಆದ್ರೆ ಇಂಟರ್‌ಫೇಸ್ (ಪೆಲೇಡಿಯಂ, ಸೀರಿಯಾ ಒಂದಕ್ಕೊಂದು ತಾಗೋ ಜಾಗ) ಜಾಸ್ತಿ ಮಾಡಿದ್ರೆ ಲಾಭ ಇದೆ ಅನ್ನೋದರಲ್ಲಿ ಅನುಮಾನ ಬೇಡ: ಕಾರ್ನೆಲ್ಲೊ, ಗೋರ್ಟೆ, ಫೋರ್ನಾಸಿಯೆರೊ ಮತ್ತವರ ಜೊತೆಗಾರರು 2012ರಲ್ಲಿ ಪೆಲೇಡಿಯಂ ಕಣದ ಸುತ್ತ ಸೀರಿಯಾ ಚಿಪ್ಪು ಕಟ್ಟಿ, ಅದನ್ನ ಸಿಲೇನ್ ಹಚ್ಚಿದ ಅಲ್ಯುಮಿನಾ ಮೇಲೆ ಬಿಡಿಬಿಡಿಯಾಗಿ ಕೂರಿಸಿ, 400 ಡಿಗ್ರಿ ಒಳಗೇ ಮೀಥೇನ್ ಪೂರ್ತಿ ಸುಟ್ಟು ತೋರಿಸಿದ್ರು, 850 ಡಿಗ್ರಿಗೆ ಕಾಯಿಸಿದ್ರೂ ಆ ಕಣಗಳು ಕೂಡ್ಕೊಳ್ಳಲಿಲ್ಲ.

ಗ್ಯಾಸ್ ಟರ್ಬೈನ್ ಥರ ಬಹಳ ಬಿಸಿ ಇರೋ ಕಡೆ ಇನ್ನೊಂದು ವಿಷಯ ಬರತ್ತೆ. ಗಾಳಿಯಲ್ಲಿ ಪೆಲೇಡಿಯಂ ಆಕ್ಸೈಡ್ ಸುಮಾರು 800 ಡಿಗ್ರಿ ಮೇಲೆ ಒಡೆದು ಲೋಹ ಆಗತ್ತೆ, ವಾಪಸ್ ತಣ್ಣಗಾಗುವಾಗ ಅದೇ ಟೆಂಪರೇಚರಲ್ಲಿ ಆಕ್ಸೈಡ್ ಆಗಲ್ಲ, ಅಲ್ಯುಮಿನಾ ಮೇಲೆ 650 ಡಿಗ್ರಿ ಆಸುಪಾಸಿಗೆ ಇಳಿದ್ಮೇಲೇ ಆಗೋದು. ಈ ನಡುವಿನ ಅಂತರದಲ್ಲಿ ಮೀಥೇನ್ ಕನ್ವರ್ಷನ್ ದಡಕ್ಕನೆ ಬೀಳತ್ತೆ. ಫರಾಟೊ ಮತ್ತವರ ಜೊತೆಗಾರರು 1990ರ ದಶಕದಲ್ಲಿ ಇದನ್ನ ಬೇರೆಬೇರೆ ಸಪೋರ್ಟುಗಳ ಮೇಲೆ ನೋಡಿದಾಗ ಸೀರಿಯಾ ಇದ್ರೆ ಮತ್ತೆ ಆಕ್ಸೈಡ್ ಆಗೋದು 700 ಡಿಗ್ರಿ ಮೇಲೇ ಶುರುವಾಗಿ ಅಂತರ ಚಿಕ್ಕದಾಗತ್ತೆ ಅನ್ನೋದು ಗೊತ್ತಾಯ್ತು. ನಿಮ್ಮ ರಿಯಾಕ್ಟರ್ 600 ಡಿಗ್ರಿ ದಾಟಲ್ಲ ಅಂದ್ರೆ ಇದನ್ನ ತಲೆಗೆ ಹಚ್ಕೋಬೇಡಿ.

ಝಿರ್ಕೋನಿಯಾ ಮೀಥೇನಿಗೆ ಒಳ್ಳೆ ಆಯ್ಕೆ, ಅಲ್ಯುಮಿನಾ ಜೊತೆ ಹೋಲಿಸಿದ್ರೆ ಆಕ್ಸಿಜನ್ ಓಡಾಟ ಚೆನ್ನಾಗಿದೆ, ಪೆಲೇಡಿಯಂ ಜೊತೆ ರಿಯಾಕ್ಟ್ ಆಗಿ ಅದನ್ನ ನುಂಗಲ್ಲ. ಏರಿಯಾ ಕಡಿಮೆ ಅನ್ನೋದೊಂದು ಕೊರತೆ. ಗಂಧಕ ಬಂದಾಗ ಅಲ್ಯುಮಿನಾ, ಝಿರ್ಕೋನಿಯಾ ಎರಡರ ನಡತೆ ಪೂರ್ತಿ ಬೇರೆ, ಇಲ್ಲಿ ತುಂಬ ಜನ ಎಡವ್ತಾರೆ, ಅದಕ್ಕೆ ಬಿಡಿಸಿ ಹೇಳ್ತೀನಿ. ಸಲ್ಫರ್ ಡೈಆಕ್ಸೈಡ್ ಪೆಲೇಡಿಯಂ ಮೇಲೆ ಆಕ್ಸಿಡೈಸ್ ಆಗಿ ಸಲ್ಫೇಟ್ ಆಗತ್ತೆ. ಅಲ್ಯುಮಿನಾ ತಾನೇ ಸಲ್ಫೇಟನ್ನ ಹೀರ್ಕೊಳ್ಳೋ ಸಪೋರ್ಟ್, ಹಾಗಾಗಿ ಒಂದಷ್ಟು ಗಂಟೆ ಪೆಲೇಡಿಯಂಗೆ ಬರೋ ವಿಷವನ್ನ ತನ್ನ ಮೈಮೇಲೆ ಎಳ್ಕೊಳ್ಳತ್ತೆ, ಆಕ್ಟಿವಿಟಿ ನಿಧಾನವಾಗಿ ಇಳಿಯತ್ತೆ. ಸಿಲಿಕಾ, ಝಿರ್ಕೋನಿಯಾ ಥರದವು ಅಷ್ಟು ಹೀರ್ಕೊಳ್ಳಲ್ಲ, ಗಂಧಕ ಎಲ್ಲ ಸೀದಾ ಪೆಲೇಡಿಯಂ ಮೇಲೆ ಹೋಗಿ ಆಕ್ಟಿವಿಟಿ ಬೇಗ ಬಿದ್ದುಹೋಗತ್ತೆ. ಇಷ್ಟಕ್ಕೇ ನಿಲ್ಲಿಸಿದ್ರೆ ಅಲ್ಯುಮಿನಾನೇ ಒಳ್ಳೇದು ಅನ್ಸತ್ತೆ. ಆದ್ರೆ ಗಂಧಕ ನಿಲ್ಲಿಸಿ ಕಾಯಿಸಿ ರಿಪೇರಿ ಮಾಡೋಕೆ ಹೋದಾಗ ಆಟ ತಿರುಗತ್ತೆ: ಸಿಲಿಕಾ, ಝಿರ್ಕೋನಿಯಾ ಮೇಲಿನದು ಸುಲಭವಾಗಿ ಸುಧಾರಿಸ್ಕೊಳ್ಳತ್ತೆ, ಅಲ್ಯುಮಿನಾ ತಾನು ಹಿಡಿದಿಟ್ಟ ಸಲ್ಫೇಟನ್ನ ಮೆಲ್ಲಮೆಲ್ಲಗೆ ಪೆಲೇಡಿಯಂಗೇ ವಾಪಸ್ ಕೊಡ್ತಾ ಹೋಗತ್ತೆ. ಅಂದ್ರೆ ಗಂಧಕ ಆಗಾಗ ಬಂದು ಹೋಗೋದಾ, ನಡುವೆ ಕಾಯಿಸಿ ರಿಜನರೇಟ್ ಮಾಡೋ ಅವಕಾಶ ಇದೆಯಾ? ಹಾಗಿದ್ರೆ ಝಿರ್ಕೋನಿಯಾ. ಅವಕಾಶವೇ ಇಲ್ಲ, ಸಣ್ಣ ಪ್ರಮಾಣದಲ್ಲಿ ಸತತವಾಗಿ ಬರ್ತಾ ಇರತ್ತೆ ಅಂದ್ರೆ ಅಲ್ಯುಮಿನಾ. 2020ರ ಏಪ್ರಿಲ್ 1ಕ್ಕೆ ಬಿಎಸ್-6 ಬಂದ್ಮೇಲೆ ಪೆಟ್ರೋಲ್, ಡೀಸೆಲ್ಲಿನ ಗಂಧಕ 10 ಪಿಪಿಎಂಗೆ ಇಳಿದಿದೆ ನಿಜ, ಆದ್ರೂ ಸಿಎನ್‌ಜಿಯಲ್ಲಿ ವಾಸನೆಗೆ ಬೆರೆಸೋ ಮರ್ಕಾಪ್ಟನ್ ಇರತ್ತೆ, ಇಂಜಿನ್ ಆಯಿಲಲ್ಲೂ ಗಂಧಕ ಇರತ್ತೆ, ಪೂರ್ತಿ ಇಲ್ಲ ಅಂತ ಲೆಕ್ಕ ಹಾಕೋ ಹಾಗಿಲ್ಲ.

ಟೈಟಾನಿಯಾ (ಟೈಟಾನಿಯಂ ಆಕ್ಸೈಡ್) ಬಗ್ಗೆ ಒಂದು ಎಚ್ಚರಿಕೆ, ಒಂದು ಮೆಚ್ಚುಗೆ. ಎಚ್ಚರಿಕೆ ಏನಂದ್ರೆ ಅದರ ಅನಟೇಸ್ ಅನ್ನೋ ಹರಳು ರೂಪ 600-700 ಡಿಗ್ರಿಯಲ್ಲಿ ರೂಟೈಲ್ ಅನ್ನೋ ಇನ್ನೊಂದು ರೂಪ ಆಗಿ ಏರಿಯಾ ಬೀಳತ್ತೆ, ಹಾಗಾಗಿ ಬಿಸಿ ಕೆಲಸಕ್ಕೆ ಬೇಡ. ಜೊತೆಗೆ ಹೈಡ್ರೋಜನ್ನಲ್ಲಿ 500 ಡಿಗ್ರಿಗೆ ರಿಡ್ಯೂಸ್ ಮಾಡಿದ್ರೆ ಟೈಟಾನಿಯಾದ ತೆಳು ಪದರ ಲೋಹದ ಮೇಲೇ ಹತ್ತಿ ಮುಚ್ಚಿಬಿಡತ್ತೆ, ಟೌಸ್ಟರ್ 1978ರಲ್ಲಿ ಗುರುತಿಸಿದ ಸ್ಟ್ರಾಂಗ್ ಮೆಟಲ್ ಸಪೋರ್ಟ್ ಇಂಟರಾಕ್ಷನ್ ಇದೇ. ರಿಡಕ್ಷನ್ 200-300 ಡಿಗ್ರಿಯಲ್ಲೇ ಮುಗಿಸಿ. ಮೆಚ್ಚುಗೆ ಏನಂದ್ರೆ ಕೋಣೆಯ ಟೆಂಪರೇಚರಲ್ಲೇ ಫಾರ್ಮಾಲ್ಡಿಹೈಡ್ ಸುಡೋಕೆ ಸೋಡಿಯಂ ಸೇರಿಸಿದ, ರಿಡ್ಯೂಸ್ ಮಾಡಿದ ಪೆಲೇಡಿಯಂ-ಟೈಟಾನಿಯಾ ತುಂಬ ಚೆನ್ನಾಗಿ ಕೆಲಸ ಮಾಡತ್ತೆ, ಪ್ಲೈವುಡ್, ಪೇಂಟ್ ವಾಸನೆ ತುಂಬಿರೋ ಹೊಸ ಮನೆಗಳ ಗಾಳಿ ಶುದ್ಧ ಮಾಡೋ ಕೆಲಸಕ್ಕೆ ನಾನು ಮೊದಲು ನೋಡೋದು ಇದನ್ನೇ. ದ್ರವದ ರಿಯಾಕ್ಷನ್ನಲ್ಲೂ ಇದಕ್ಕೆ ಒಳ್ಳೆ ಹೆಸರಿದೆ, ಮುಂದೆ ಬರತ್ತೆ.

ಕೋಬಾಲ್ಟ್ ಆಕ್ಸೈಡ್ ತಾನೇ ಸಿಒ ಸುಡತ್ತೆ, ಒಣ ಗ್ಯಾಸಲ್ಲಿ ಅದರ ನ್ಯಾನೊ ರಾಡುಗಳು ಮೈನಸ್ 77 ಡಿಗ್ರಿಯಲ್ಲೂ ಕೆಲಸ ಮಾಡಿದ್ದು 2009ರಲ್ಲಿ ಪ್ರಕಟ ಆಗಿದೆ, ಆದ್ರೆ ತೇವ ತಗುಲಿದ್ರೆ ಸೊರಗತ್ತೆ. ಟಿನ್ ಆಕ್ಸೈಡ್ ಮೀಥೇನಿಗೆ ಒಳ್ಳೇದು, ಅಲ್ಯುಮಿನಾಗಿಂತ ಕಡಿಮೆ ಟೆಂಪರೇಚರಲ್ಲಿ ಶುರುವಾಗತ್ತೆ, ಜನ ಇನ್ನೂ ಹೆಚ್ಚು ನೋಡಬೇಕಾದ ಸಪೋರ್ಟ್ ಇದು. ಪೆರೋವ್‌ಸ್ಕೈಟ್ ಅನ್ನೋ ಆಕ್ಸೈಡ್ ಹರಳಿನ ಒಳಗೆ ಪೆಲೇಡಿಯಂ ಕೂರಿಸೋ ದಾರಿಯನ್ನ ಜಪಾನಿನ ಕಾರು ಕಂಪನಿ ಡೈಹಾಟ್ಸು ಜೊತೆ ನಿಶಿಹಾತ ಮತ್ತಿತರರು 2002ರಲ್ಲಿ ತೋರಿಸಿದ್ರು, ಹೊಗೆ ರಿಡ್ಯೂಸಿಂಗ್ ಆದಾಗ ಪೆಲೇಡಿಯಂ ಹೊರಗೆ ಬರತ್ತೆ, ಆಕ್ಸಿಡೈಸಿಂಗ್ ಆದಾಗ ಒಳಗೆ ಹೋಗತ್ತೆ, ಹೀಗೆ ಕಣ ದಪ್ಪ ಆಗದೆ ಉಳಿಯತ್ತೆ. ಸದಾ ಆಕ್ಸಿಜನ್ ಹೆಚ್ಚಿರೋ ಹೊಗೆಗೆ ಈ ಲಾಭ ಸಿಗಲ್ಲ.

ಸಪೋರ್ಟ್ ಆರಿಸಿದ್ಮೇಲೆ ಪ್ರಿಕರ್ಸರ್ (ಪೆಲೇಡಿಯಂ ಕೊಡೋ ಮೂಲ ಲವಣ) ಆರಿಸೋದೂ ಅಷ್ಟೇ ಮುಖ್ಯ. ಕ್ಲೋರೈಡ್ ಅಗ್ಗ ಅಂತ ಎಲ್ಲರೂ ಅದನ್ನೇ ತಗೋತಾರೆ, ಆದ್ರೆ ಉಳ್ಕೊಂಡ ಕ್ಲೋರಿನ್ ಮೀಥೇನ್ ಆಕ್ಸಿಡೇಷನ್ನನ್ನ ಎಳೆದು ಹಿಡಿಯತ್ತೆ, ಸುಲಭಕ್ಕೆ ಹೋಗೋದೂ ಇಲ್ಲ. ಮೀಥೇನಿಗೆ ಪೆಲೇಡಿಯಂ ನೈಟ್ರೇಟ್ ಅಥವಾ ಟೆಟ್ರಾಅಮೀನ್ ನೈಟ್ರೇಟ್ ತಗೊಳ್ಳಿ. ಸಪೋರ್ಟಿನ ಮೇಲ್ಮೈ ಚಾರ್ಜ್ ಕೂಡ ನೋಡಿ: ಸಿಲಿಕಾ ಪಿಎಚ್ 2ರ ಮೇಲೆ ನೆಗೆಟಿವ್, ಅದಕ್ಕೆ ಪಾಸಿಟಿವ್ ಆದ ಟೆಟ್ರಾಅಮೀನ್ ಹಿಡಿಯತ್ತೆ, ಅಲ್ಯುಮಿನಾ ಪಿಎಚ್ 8ರ ಕೆಳಗೆ ಪಾಸಿಟಿವ್, ಅದಕ್ಕೆ ಆಸಿಡ್ಡಲ್ಲಿರೋ ಕ್ಲೋರೋಪೆಲೇಡೇಟ್ ಹಿಡಿಯತ್ತೆ. ಇದು ತಪ್ಪಿದ್ರೆ ಪೆಲೇಡಿಯಂ ಎಲ್ಲ ಒಣಗುವಾಗ ಅಂಚಿಗೆ ಬಂದು ಗುಡ್ಡೆ ಬೀಳತ್ತೆ. ಇನ್ಸಿಪಿಯೆಂಟ್ ವೆಟ್ನೆಸ್ (ಸಪೋರ್ಟಿನ ರಂಧ್ರಗಳು ತುಂಬೋವಷ್ಟೇ ದ್ರಾವಣ ಹಾಕೋ ವಿಧಾನ) ಮಾಡುವಾಗ ಮೊದಲು ಬರೀ ನೀರಲ್ಲಿ ಪೋರ್ ವಾಲ್ಯೂಮ್ ನೋಡ್ಕೊಳ್ಳಿ: ಅಲ್ಯುಮಿನಾ ಪುಡಿಗೆ ಹನಿಹನಿಯಾಗಿ ಹಾಕ್ತಾ ಕಲಸ್ತಾ ಹೋದ್ರೆ ಬಹಳ ಹೊತ್ತು ಒಣ ಪುಡಿಯಂತೇ ಕಾಣತ್ತೆ, ಗಾಜಿನ ಕಡ್ಡಿಗೆ ಅಂಟೋದೇ ಇಲ್ಲ, ಆಮೇಲೆ ಒಂದು ಹನಿಗೆ ಇಡೀ ಪುಡಿ ಹಿಟ್ಟು ಕಲಸಿದ ಹಾಗೆ ಮುದ್ದೆಯಾಗಿ ಮೇಲೆ ಹೊಳಪು ಬರತ್ತೆ, ಅಲ್ಲೇ ನಿಲ್ಲಿಸಬೇಕು. 10 ಗ್ರಾಂ ಸಪೋರ್ಟಿಗೆ 1 ಪರ್ಸೆಂಟ್ ಅಂದ್ರೆ ಪೆಲೇಡಿಯಂ ಬೇಕಾಗೋದು ಸುಮಾರು 0.1 ಗ್ರಾಂ. 2022ರ ಮಾರ್ಚಲ್ಲಿ ಇದರ ಬೆಲೆ ಔನ್ಸಿಗೆ 3000 ಡಾಲರ್ ದಾಟಿತ್ತು, ಹಾಗಾಗಿ ಬೀಕರ್ ತೊಳೆದ ನೀರನ್ನೂ ಸಿಂಕಿಗೆ ಬಿಡದೆ ಎತ್ತಿಡಿ.

ಕ್ಯಾರೆಕ್ಟರೈಸೇಷನ್ನಲ್ಲೂ ಸಪೋರ್ಟಿಗೆ ತಕ್ಕ ತೊಡಕುಗಳಿವೆ, ಆಯ್ಕೆಗೆ ಮುಂಚೆನೇ ಗೊತ್ತಿದ್ರೆ ಒಳ್ಳೇದು. ಹರಳಿನ ರಚನೆ ತೋರಿಸೋ ಎಕ್ಸ್-ರೇ ಟೆಸ್ಟಲ್ಲಿ ಪೆಲೇಡಿಯಂ ಆಕ್ಸೈಡಿನ ಮುಖ್ಯ ಎಕ್ಸ್‌ಆರ್‌ಡಿ ಪೀಕ್ 33.9 ಡಿಗ್ರಿ ಹತ್ತಿರ, ಸೀರಿಯಾದ ಪೀಕ್ 33.1ರಲ್ಲಿ, ಸಣ್ಣ ಕಣಗಳಿದ್ರೆ ಎರಡೂ ಬೆರೆತುಹೋಗತ್ತೆ. "ಪೆಲೇಡಿಯಂ ಪೀಕ್ ಕಾಣಲಿಲ್ಲ, ಹಾಗಾಗಿ ಪೂರ್ತಿ ಚದುರಿದೆ" ಅಂತ ಬರೆಯೋಕೆ ಹೋಗಬೇಡಿ, ಮೇಲ್ಮೈ ಪರಮಾಣುಗಳ ಸ್ಥಿತಿ ತೋರಿಸೋ ಎಕ್ಸ್‌ಪಿಎಸ್ ಮಾಡಿಸಿ. ಝಿರ್ಕೋನಿಯಾ ಇದ್ರೆ ಎಕ್ಸ್‌ಪಿಎಸ್ಸೇ ತೊಡಕು, ಝಿರ್ಕೋನಿಯಂ 3ಪಿ ಸಿಗ್ನಲ್ ಪೆಲೇಡಿಯಂ 3ಡಿ ಇರೋ ಜಾಗದಲ್ಲೇ ಬರತ್ತೆ, ಬರೀ ಝಿರ್ಕೋನಿಯಾದ ಸ್ಪೆಕ್ಟ್ರಂ ಕೂಡ ತೆಗೆದಿಟ್ಕೊಂಡು ಬಿಡಿಸಬೇಕು. ಸೀರಿಯಾ ಮೇಲೆ ಸಿಒ ಕೆಮಿಸಾರ್ಪ್ಷನ್ (ಪೆಲೇಡಿಯಂ ಎಷ್ಟು ಸಿಒ ಹಿಡಿಯತ್ತೆ ಅಂತ ಅಳೆಯೋದು) ಮಾಡಿದ್ರೆ ಸೀರಿಯಾನೇ ಕಾರ್ಬೊನೇಟ್ ಆಗಿ ಸಿಒ ಹೀರ್ಕೊಂಡು ಡಿಸ್ಪರ್ಷನ್ (ಪೆಲೇಡಿಯಂ ಎಷ್ಟು ಚದುರಿದೆ ಅನ್ನೋ ಲೆಕ್ಕ) ಸುಳ್ಳುಸುಳ್ಳೇ ಹೆಚ್ಚು ತೋರಿಸತ್ತೆ.

ಇನ್ನು ದ್ರವದಲ್ಲಿ ನಡೆಯೋ ಆಕ್ಸಿಡೇಷನ್. ಬೆಂಝೈಲ್ ಆಲ್ಕೊಹಾಲಿಂದ ಬೆಂಝಾಲ್ಡಿಹೈಡ್ ಮಾಡೋದೇ ಎಲ್ಲರ ಮೊದಲ ರಿಯಾಕ್ಷನ್, ಇಲ್ಲಿ ಮೇಲೆ ಹೇಳಿದ ಲೆಕ್ಕ ಬಹುಪಾಲು ಬದಲಾಗತ್ತೆ. ಸಿಂಟರ್ ಆಗೋ ಭಯ ಇಲ್ಲ, ಗಂಧಕ ಇಲ್ಲ. ತೊಂದರೆ ಕೊಡೋದು ಸೆಲೆಕ್ಟಿವಿಟಿ, ಅಂದ್ರೆ ಬೇಕಾದ ವಸ್ತುವೇ ಸಿಗೋ ಹಾಗೆ ನೋಡ್ಕೊಳ್ಳೋದು. ಪೆಲೇಡಿಯಂ ಮೇಲೆ ಆಲ್ಕೊಹಾಲಿಂದ ಕಿತ್ತ ಹೈಡ್ರೋಜನ್ ಇನ್ನೊಂದು ಆಲ್ಕೊಹಾಲ್ ಅಣುವಿಗೆ ಸೇರಿ ಟಾಲ್ವೀನ್ ಆಗತ್ತೆ, ಆಕ್ಸಿಜನ್ ಸಾಕಷ್ಟು ತಲುಪದಿದ್ರಂತೂ ಜಾಸ್ತಿ. ಟೈಟಾನಿಯಾ ಮೇಲೆ ಚಿನ್ನ ಮತ್ತು ಪೆಲೇಡಿಯಂ ಸೇರಿಸಿ ಸಾಲ್ವೆಂಟ್ ಇಲ್ಲದೆ ಈ ರಿಯಾಕ್ಷನ್ ಮಾಡಿದ್ದು ಬ್ರಿಟನ್ನಿನ ಕಾರ್ಡಿಫ್ ವಿಶ್ವವಿದ್ಯಾಲಯದ ಹಚ್ಚಿಂಗ್ಸ್ ಅವರ ಗುಂಪು, 2006ರಲ್ಲಿ. ವೇಗ ಬಹಳ ಚೆನ್ನಾಗಿದೆ. ಅದೇ ಗುಂಪು ಮುಂದೆ ಸಪೋರ್ಟನ್ನ ಮೆಗ್ನೀಷಿಯಂ ಆಕ್ಸೈಡ್ ಅಥವಾ ಝಿಂಕ್ ಆಕ್ಸೈಡ್ ಮಾಡಿದಾಗ ಟಾಲ್ವೀನ್ ಹೆಚ್ಚುಕಡಿಮೆ ನಿಂತೇಹೋಯ್ತು. ಹಾಗಾಗಿ ಆಲ್ಡಿಹೈಡ್ ಶುದ್ಧವಾಗಿ ಬೇಕು ಅಂದ್ರೆ ನನ್ನ ಮೊದಲ ಆಯ್ಕೆ ಇಂಥ ಬೇಸಿಕ್ ಸಪೋರ್ಟ್, ಆದ್ರೆ ಒಂದು ನೆನಪಿರಲಿ, ಮೆಗ್ನೀಷಿಯಾ ನೀರು ತಾಗಿದ್ರೆ ಹೈಡ್ರಾಕ್ಸೈಡ್ ಆಗತ್ತೆ, ಆಸಿಡ್ ತಾಗಿದ್ರೆ ಕರಗತ್ತೆ, ಬೆಂಝಾಲ್ಡಿಹೈಡ್ ಮುಂದೆ ಆಕ್ಸಿಡೈಸ್ ಆದ್ರೆ ಬೆಂಝೋಯಿಕ್ ಆಸಿಡ್ ಬಂದೇಬರತ್ತೆ. ಕ್ಯಾಟಲಿಸ್ಟನ್ನ ಎಷ್ಟೋ ಸಲ ಮರುಬಳಕೆ ಮಾಡಬೇಕು ಅಂದ್ರೆ ಟೈಟಾನಿಯಾಗೆ ಬನ್ನಿ, ಸ್ವಲ್ಪ ಟಾಲ್ವೀನ್ ಬಂದ್ರೂ ಸರಿ. ಸಿಲಿಕಾ ಈ ಕೆಲಸಕ್ಕೆ ನನಗೆ ಅಷ್ಟು ಹಿಡಿಸಲ್ಲ, ಪೆಲೇಡಿಯಮ್ಮನ್ನ ಗಟ್ಟಿಯಾಗಿ ಹಿಡ್ಕೊಳ್ಳಲ್ಲ. ಆದ್ರೆ ಎಥಿಲೀನ್, ಅಸಿಟಿಕ್ ಆಸಿಡ್, ಆಕ್ಸಿಜನ್ನಿಂದ ವಿನೈಲ್ ಅಸಿಟೇಟ್ ಮಾಡೋ ಕಾರ್ಖಾನೆಗಳಲ್ಲಿ ಪೆಲೇಡಿಯಂ-ಚಿನ್ನ ಕೂತಿರೋದು ಸಿಲಿಕಾ ಮೇಲೇ, ಜೊತೆಗೆ ಪೊಟ್ಯಾಸಿಯಂ ಅಸಿಟೇಟ್ ಹಾಕಿರ್ತಾರೆ. ಅದು ಗ್ಯಾಸ್ ಫೇಸಲ್ಲಿ ನಡೆಯೋದು, ದ್ರವದಲ್ಲಿ ಕರಗಿ ಹೋಗೋ ಪ್ರಶ್ನೆ ಅಲ್ಲಿ ಬರಲ್ಲ.

ದ್ರವದಲ್ಲಿ ಮಾತ್ರ ಆ ಪ್ರಶ್ನೆ ಬಂದೇಬರತ್ತೆ, ಹಾಗಾಗಿ ಎರಡು ಸಪೋರ್ಟ್ ಹೋಲಿಸೋ ಮುಂಚೆ ಎರಡಕ್ಕೂ ಹಾಟ್ ಫಿಲ್ಟ್ರೇಷನ್ ಮಾಡಿ. ಕನ್ವರ್ಷನ್ 30 ಪರ್ಸೆಂಟ್ ಸುತ್ತ ಇದ್ದಾಗ ರಿಯಾಕ್ಷನ್ ಟೆಂಪರೇಚರಲ್ಲೇ ಬಿಸಿಬಿಸಿಯಾಗಿ ಸೋಸಿ, ತಣ್ಣಗಾಗೋಕೆ ಬಿಟ್ರೆ ಕರಗಿದ ಪೆಲೇಡಿಯಂ ವಾಪಸ್ ಸಪೋರ್ಟ್ ಮೇಲೆ ಕೂತು ಮೋಸ ಮಾಡತ್ತೆ. ಸೋಸಿದ ದ್ರವಕ್ಕೆ ಆಕ್ಸಿಜನ್ ಕೊಟ್ಟು ಅದೇ ಟೆಂಪರೇಚರಲ್ಲಿ ಮತ್ತೆ ಅಷ್ಟೇ ಹೊತ್ತು ತಿರುಗಿಸಿ ಜಿಸಿಗೆ (ಗ್ಯಾಸ್ ಕ್ರೊಮಟೋಗ್ರಾಫಿಗೆ) ಹಾಕಿ. ಕನ್ವರ್ಷನ್ ಅಲ್ಲೇ ನಿಂತಿದ್ರೆ ಸಪೋರ್ಟುಗಳ ಹೋಲಿಕೆ ಮುಂದುವರಿಸಿ, ಏರ್ತಾ ಹೋಗಿದ್ರೆ ಕೆಲಸ ಮಾಡ್ತಿರೋದು ಕರಗಿದ ಪೆಲೇಡಿಯಂ, ಐಸಿಪಿಗೆ (ದ್ರವದಲ್ಲಿ ಲೋಹ ಎಷ್ಟಿದೆ ಅಂತ ಅಳೆಯೋ ಟೆಸ್ಟಿಗೆ) ಸ್ಯಾಂಪಲ್ ಕಳಿಸಿ ಎಷ್ಟು ಹೋಗಿದೆ ನೋಡಿ, ಕ್ಯಾಲ್ಸಿನೇಷನ್ನಿಂದ (ಕ್ಯಾಟಲಿಸ್ಟನ್ನ ಗಾಳಿಯಲ್ಲಿ ಕಾಯಿಸೋ ಹಂತದಿಂದ) ಮತ್ತೆ ಶುರು ಮಾಡಿ.